ಮೇಲೆ ಥಳಕು, ಒಳಗೆ 18 ಆಂಪ್

ಕಂಪ್ಯೂಟರ್ ಅಸೆಂಬಲ್ ಮಾಡಿಸ್ತೀನಿ ಅಂತ ಯಾರಾದ್ರೂ ಹೊರಟ್ರೆ ಎಲ್ಲರೂ ಮೊದಲು ಕೇಳೋದು "ಗ್ರಾಫಿಕ್ಸ್ ಕಾರ್ಡ್ ಯಾವುದು?" ಅಂತ. ಆಮೇಲೆ "ಪ್ರೊಸೆಸರ್ ಯಾವುದು?" ಅಂತ. "ಎಸ್‌ಎಂಪಿಎಸ್ ಯಾವುದು?" ಅಂತ ನಮ್ಮನ್ನ ಯಾರೂ ಕೇಳಲಿಲ್ಲ. ನಾವೂ ಯಾರನ್ನೂ ಕೇಳಲಿಲ್ಲ. ಹಾಗಾಗಿ ಈ ಲೇಖನ.

ನಾವು ಮೂವರು, ಒಂದೇ ರೂಮು. ಒಬ್ಬ ಇ.ಸಿ., ಒಬ್ಬ ಸಿ.ಎಸ್., ಇನ್ನೊಬ್ಬ ಅರಸೀಕೆರೆ ಕಡೆಯ ಮೆಕ್ಯಾನಿಕಲ್ ಹುಡುಗ. ಮೂರನೇ ಸೆಮಿಸ್ಟರ್ ಶುರುವಾದಾಗ ತಲೆಗೆ 18 ಸಾವಿರ ಹಾಕಿ ಒಂದು ಡೆಸ್ಕ್‌ಟಾಪ್ ಕಟ್ಟೋಣ ಅಂತ ತೀರ್ಮಾನ ಮಾಡಿದ್ವಿ. ಒಬ್ಬನಿಗೆ ಸಿಮ್ಯುಲೇಶನ್, ಒಬ್ಬನಿಗೆ ಮಾಡೆಲ್ ಟ್ರೇನಿಂಗ್, ಒಬ್ಬನಿಗೆ ಕ್ಯಾಡ್ ರೆಂಡರಿಂಗ್. ಮನೆಯವರಿಗೆ ಹೇಳಿದ್ದು ಅಷ್ಟು. ರಾತ್ರಿ 11ರ ಮೇಲೆ ಮೂವರಿಗೂ ಬೇಕಾಗಿದ್ದು ಗೇಮ್, ಅದನ್ನ ಹೇಳಲಿಲ್ಲ.

ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದ್ವಿ. ಹೋಗಿದ್ದವರಿಗೆ ಗೊತ್ತು, ಅಲ್ಲಿ ನಡೆಯೋಕೆ ಜಾಗ ಇರಲ್ಲ, ಆದ್ರೆ ಸಿಗದೇ ಇರೋ ವಸ್ತುನೂ ಇರಲ್ಲ. ರೈಜ಼ನ್ 5 5600 ಪ್ರೊಸೆಸರ್ ತಗೊಂಡ್ವಿ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಸಿಕ್ತು. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ ಎಲ್ಲ ಆದ ಮೇಲೆ ಕೈಯಲ್ಲಿ ಉಳಿದಿದ್ದು ಸ್ವಲ್ಪ ದುಡ್ಡು. ಅದರಲ್ಲಿ ಒಳ್ಳೇ ಎಸ್‌ಎಂಪಿಎಸ್ ತಗೋಬಹುದಿತ್ತು, ಇಲ್ಲಾ ಗಾಜಿನ ಕ್ಯಾಬಿನೆಟ್ಟು, ಬಣ್ಣಬಣ್ಣದ ಲೈಟಿನ ಫ್ಯಾನು ತಗೋಬಹುದಿತ್ತು. ಎರಡೂ ಆಗ್ತಿರಲಿಲ್ಲ.

"ಎಸ್‌ಎಂಪಿಎಸ್ ಚೆನ್ನಾಗಿರೋದು ತಗೊಳ್ಳೋಣ, ನಮ್ಮೂರಲ್ಲಿ ಪಂಪ್‌ಸೆಟ್ ಸುಡೋದು ನೋಡಿದೀನಿ" ಅಂದವನು ಮೆಕ್ಯಾನಿಕಲ್‌ನವನು. ನಾವಿಬ್ಬರು ನಕ್ಕಿದ್ವಿ. "ಇದು ಪಂಪ್‌ಸೆಟ್ ಅಲ್ಲ ಮಾರಾಯ" ಅಂದ್ವಿ. ಎರಡು ಓಟು ಲೈಟಿಗೆ, ಒಂದು ಎಸ್‌ಎಂಪಿಎಸ್‌ಗೆ. ಅಂಗಡಿಯವರು 1,100 ರೂಪಾಯಿಗೆ ಒಂದು ಡಬ್ಬ ಕೊಟ್ರು. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಅಂತ ಬರೆದಿತ್ತು. ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ 8 ಪಿನ್ ಕನೆಕ್ಟರ್ ಅದರಲ್ಲಿ ಇರಲೇ ಇಲ್ಲ. ಎರಡು ಹಳೇ ಮೋಲೆಕ್ಸ್ ಕನೆಕ್ಟರ್ ಸೇರಿಸಿ ಒಂದು ಅಡಾಪ್ಟರ್ ಹಾಕಿಕೊಟ್ರು. ಅದೇ ಮೊದಲನೇ ಸೂಚನೆ. ನಮಗೆ ಗೊತ್ತಾಗಲಿಲ್ಲ.

ಮೊದಲ ತಿಂಗಳು ರೂಮು ದೀಪಾವಳಿ ಥರ ಇತ್ತು. ಆಮೇಲೆ ರೆಂಡರ್ ಅರ್ಧಕ್ಕೆ ಹೋದಾಗ ಮಷಿನ್ ತಾನಾಗೇ ರೀಸ್ಟಾರ್ಟ್ ಆಗೋಕೆ ಶುರುವಾಯ್ತು. ವಿಂಡೋಸ್ ಎರಡು ಸಲ ಹಾಕಿದ್ವಿ. ರ್‍ಯಾಮ್ ತೆಗೆದು ಒರೆಸಿ ಹಾಕಿದ್ವಿ. ಕೊನೆಗೆ ಇ.ಸಿ.ಯವನು ಲ್ಯಾಬ್‌ನಿಂದ ಮಲ್ಟಿಮೀಟರ್ ತಂದು, ಖಾಲಿ ಇದ್ದ ಮೋಲೆಕ್ಸ್‌ನ ಹಳದಿ ವೈರಿಗೂ ಕಪ್ಪು ವೈರಿಗೂ ಪ್ರೋಬ್ ಹಿಡಿದ. ಸುಮ್ನೆ ಆನ್ ಇದ್ದಾಗ 11.9 ವೋಲ್ಟ್. ಗೇಮ್ ಹಾಕಿದ ತಕ್ಷಣ 11.1.

ಎಟಿಎಕ್ಸ್ ಮಾನದಂಡದ ಪ್ರಕಾರ 12 ವೋಲ್ಟ್ ಲೈನು 5% ಮಾತ್ರ ಆಚೀಚೆ ಆಗಬಹುದು. ಅಂದ್ರೆ ಕನಿಷ್ಠ 11.4 ಇರಲೇಬೇಕು. ನಮ್ಮದು ಅದಕ್ಕಿಂತ ಕೆಳಗೆ. ಆಗ ಮೊದಲನೇ ಸಲ ಎಸ್‌ಎಂಪಿಎಸ್ ಪಕ್ಕದ ಲೇಬಲ್ ಓದಿದ್ವಿ. ಸಣ್ಣ ಅಕ್ಷರದ ಟೇಬಲ್‌ನಲ್ಲಿ +12 ವೋಲ್ಟ್ ಕೆಳಗೆ 18 ಆಂಪ್ ಅಂತ ಇತ್ತು. 12 ಇಂಟು 18, 216 ವ್ಯಾಟ್. ಉಳಿದ ವ್ಯಾಟ್ ಎಲ್ಲ 5 ವೋಲ್ಟ್, 3.3 ವೋಲ್ಟ್ ಲೈನುಗಳ ಲೆಕ್ಕ. ಈಗಿನ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಹೆಚ್ಚುಕಮ್ಮಿ ಎಲ್ಲ ಪವರ್ರನ್ನೂ 12 ವೋಲ್ಟ್‌ನಿಂದಲೇ ಎಳೆಯುತ್ತವೆ. ನಮ್ಮ ಪ್ರೊಸೆಸರ್ 76 ವ್ಯಾಟ್‌ವರೆಗೆ, ಕಾರ್ಡ್ 170 ವ್ಯಾಟ್. ಎರಡೇ ಸೇರಿ 246. 500 ಅನ್ನೋ ಡಬ್ಬದಿಂದ ನಾವು ಕೇಳ್ತಿದ್ದದ್ದು ಅದರ ಶಕ್ತಿ ಮೀರಿದ್ದು. ಗುಣಾಕಾರ ಅಷ್ಟೇ, ಎಂಜಿನಿಯರಿಂಗ್ ಕೂಡ ಬೇಕಾಗಿರಲಿಲ್ಲ.

ಇಲ್ಲಿ ಒಂದು ನಿಜ ಒಪ್ಪಿಕೊಳ್ಳಬೇಕು. ಆವತ್ತೇ ಅದನ್ನ ತೆಗೆದು ಪಕ್ಕಕ್ಕಿಡಬೇಕಿತ್ತು. "ಇಂಟರ್ನಲ್ಸ್ ಮುಗೀಲಿ, ನೋಡೋಣ" ಅಂದ್ವಿ. ಗೊತ್ತಿಲ್ಲದೆ ಸುಟ್ಟಿದ್ದಲ್ಲ, ಗೊತ್ತಿದ್ದೂ ಸುಟ್ಟಿದ್ದು.

ಹತ್ತು ದಿನ ಆದ ಮೇಲೆ ಒಂದು ರಾತ್ರಿ ಜೋರು ಮಳೆ. ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಮೂರನೇ ಸಲ ಬಂದಾಗ ಕ್ಯಾಬಿನೆಟ್ ಒಳಗಿಂದ "ಟಪ್" ಅಂತ ಸದ್ದು. ಆಮೇಲೆ ಆ ವಾಸನೆ. ಸುಟ್ಟ ಪ್ಲಾಸ್ಟಿಕ್ಕೂ ಅಲ್ಲ, ಮೀನೂ ಅಲ್ಲ, ಎರಡರ ನಡುವಿನದು. ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರು ಹೇಗೋ ಉಳಿದವು. ಮದರ್‌ಬೋರ್ಡು, ಎಸ್‌ಎಸ್‌ಡಿ ಹೋದವು. ಮೆಕ್ಯಾನಿಕಲ್‌ನವನ ಕ್ಯಾಡ್ ಫೈಲುಗಳೂ ಅದರ ಜೊತೆಗೇ.

ಅವನು ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ, ಅಷ್ಟೇ. ಮೂರನೇ ದಿನ ಅವನ ಅಮ್ಮನ ಫೋನ್ ಬಂದಾಗ ನಮಗೆ ಗೊತ್ತಾಯ್ತು, ಅವನ 18 ಸಾವಿರ ಸ್ವಸಹಾಯ ಸಂಘದ ಸಾಲ ಅಂತ. ಪ್ರತಿ ಮಂಗಳವಾರ ಅವರು ಊರಲ್ಲಿ ಕಂತು ಕಟ್ತಾ ಇದ್ರು. "ಕಂಪ್ಯೂಟರ್ ಚೆನ್ನಾಗಿ ನಡೀತಿದೆಯಾ?" ಅಂತ ಕೇಳಿದ್ರು. "ಹ್ಞೂಂ ಅಮ್ಮ" ಅಂದ. ನಾವಿಬ್ಬರು ಗೋಡೆ ನೋಡ್ತಾ ಕೂತಿದ್ವಿ.

ಡಬ್ಬ ಬಿಚ್ಚಿ ನೋಡೋಣ ಅಂತ ಲ್ಯಾಬಿಗೆ ತಗೊಂಡು ಹೋದ್ರೆ ಅಲ್ಲಿನ ಅಸಿಸ್ಟೆಂಟ್ ಕೈ ಹಿಡಿದು ನಿಲ್ಲಿಸಿದರು. 230 ವೋಲ್ಟ್ ಎಸಿಯನ್ನ ಡಿಸಿ ಮಾಡಿದ್ರೆ ಪೀಕ್ ಸುಮಾರು 325 ವೋಲ್ಟ್. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಅದನ್ನ ಇಟ್ಟುಕೊಂಡಿರಬಹುದು. ದಯವಿಟ್ಟು ನೀವೂ ಬಿಚ್ಚಬೇಡಿ. ಬಿಚ್ಚದೇ ಹೇಳಬಹುದಾದ್ದನ್ನ ಅವರು ತೋರಿಸಿದರು. ಹಿಂದೆ 115/230 ಅಂತ ಕೆಂಪು ಸ್ವಿಚ್ ಇದ್ರೆ ಅದು ಹಳೇ ಕಾಲದ ಡಿಸೈನು, ಆಕ್ಟಿವ್ ಪಿಎಫ್‌ಸಿ ಇಲ್ಲ. ನಮ್ಮದರಲ್ಲಿ ಇತ್ತು. ವೋಲ್ಟೇಜ್ ಏರಿದ್ರೆ, ಲೋಡ್ ಮೀರಿದ್ರೆ, ಶಾರ್ಟ್ ಆದ್ರೆ, ಬಿಸಿ ಹೆಚ್ಚಾದ್ರೆ ತಾನೇ ಆಫ್ ಆಗೋ ರಕ್ಷಣೆಗಳ ಬಗ್ಗೆ ಡಬ್ಬದ ಮೇಲೆ ಒಂದು ಮಾತೂ ಇರಲಿಲ್ಲ. ಒಳ್ಳೇ ಎಸ್‌ಎಂಪಿಎಸ್ ಸಾಯೋವಾಗ ತಾನೊಂದೇ ಸಾಯುತ್ತೆ. ಕೆಟ್ಟದ್ದು ಜೊತೆಗಿರೋರನ್ನೂ ಕರ್ಕೊಂಡು ಹೋಗುತ್ತೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಮೇಲೆ ಒಂದು ವಾರ ಕೂತು ಓದಿದ್ವಿ. ನಿಮಗೆ ಉಪಯೋಗ ಆಗೋದಷ್ಟನ್ನ ಹೇಳ್ತೀವಿ.

80 ಪ್ಲಸ್ ಅನ್ನೋ ಸ್ಟಿಕ್ಕರ್ ನೋಡಿ ಎಲ್ಲರೂ "ಇದು ಗ್ಯಾರಂಟಿ" ಅಂತಾರೆ. ಅದು ದಕ್ಷತೆಯ ಅಳತೆ ಮಾತ್ರ. ಗೋಡೆಯಿಂದ ಎಳೆದ ಪವರ್‌ನಲ್ಲಿ ಎಷ್ಟು ಕಂಪ್ಯೂಟರ್‌ಗೆ ತಲುಪುತ್ತೆ, ಎಷ್ಟು ಬಿಸಿಯಾಗಿ ಹೋಗುತ್ತೆ ಅನ್ನೋದು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್‌ಗೆ ಬ್ರಾಂಜ್ ಅಂದ್ರೆ 85%, ಗೋಲ್ಡ್ ಅಂದ್ರೆ 90%. ರಕ್ಷಣೆ ಇದೆಯಾ, ಎಷ್ಟು ವರ್ಷ ಬಾಳುತ್ತೆ ಅಂತ ಅದು ಹೇಳಲ್ಲ. ಅದಕ್ಕೆ ಲೋಡ್ ಹಾಕಿ ಅಳೆದ ರಿವ್ಯೂ ಹುಡುಕಬೇಕು. 12 ವೋಲ್ಟ್ ಮೇಲಿನ ರಿಪಲ್ 120 ಮಿಲಿವೋಲ್ಟ್ ಮೀರಬಾರದು. ಒಳ್ಳೆಯವು ಅದಕ್ಕಿಂತ ತುಂಬ ಕೆಳಗೇ ಇರ್ತವೆ. ಡಬ್ಬಿ ಬಿಚ್ಚಿ ಲೈಟ್ ತೋರಿಸಿ "ಸೂಪರ್" ಅನ್ನೋದು ರಿವ್ಯೂ ಅಲ್ಲ.

ಕರೆಂಟು ಹೋಗಿ ಬರೋ ನಮ್ಮ ಕಡೆ ಹೋಲ್ಡ್-ಅಪ್ ಟೈಮ್ ಕೂಡ ನೋಡಬೇಕು. ಕರೆಂಟು ಕಡಿದ ಮೇಲೂ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಆದ್ರೂ ಉಸಿರು ಹಿಡಿದಿರಬೇಕು. ಯುಪಿಎಸ್ ಬ್ಯಾಟರಿಗೆ ಬದಲಾಗೋದು ಆ ಸಂದಿಯಲ್ಲೇ. ಡಬ್ಬದ ಮೇಲಿನ ಹೆಸರೊಂದನ್ನೇ ನಂಬೋಕೂ ಆಗಲ್ಲ, ಎಷ್ಟೋ ಬ್ರ್ಯಾಂಡ್‌ಗಳು ಬೇರೆ ಕಂಪನಿಯಿಂದ ಮಾಡಿಸಿ ತಮ್ಮ ಸ್ಟಿಕ್ಕರ್ ಹಾಕ್ತವೆ. ಒಂದೇ ಬ್ರ್ಯಾಂಡ್‌ನಲ್ಲಿ ಒಂದು ಮಾದರಿ ಚಿನ್ನ, ಇನ್ನೊಂದು ತಗಡು. ವಾರಂಟಿ 5 ವರ್ಷಕ್ಕಿಂತ ಕಮ್ಮಿ ಇದ್ರೆ ನಾವಂತೂ ಈಗ ಮುಟ್ಟಲ್ಲ. ಇನ್ನೊಂದು ವಿಷಯ, ಮಾಡ್ಯುಲರ್ ಎಸ್‌ಎಂಪಿಎಸ್ ಬದಲಾಯಿಸಿದ್ರೆ ಹಳೇ ಕೇಬಲ್ ಹಾಕಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಎಲ್ಲರಿಗೂ ಒಂದೇ ನಿಯಮ ಇಲ್ಲ. ಕನೆಕ್ಟರ್ ಕೂತರೂ ವೋಲ್ಟೇಜ್ ತಪ್ಪು ಜಾಗಕ್ಕೆ ಹೋಗಿ ಡ್ರೈವ್ ಸುಡಬಹುದು.

ಕೊನೆಗೆ ನಾವು ತಗೊಂಡಿದ್ದು 550 ವ್ಯಾಟ್‌ನ ಒಂದು ಬ್ರಾಂಜ್ ಮಾದರಿ, 4,200 ರೂಪಾಯಿ. ಇಡೀ ಮಷಿನ್ ಎಳೆಯೋದು 300ರ ಹತ್ತಿರ. ಆದ್ರೆ ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಅದರ ಲೆಕ್ಕಕ್ಕಿಂತ ಜಾಸ್ತಿ ಎಳೆಯುತ್ತೆ, ಅದಕ್ಕೆ ಜಾಗ ಇಟ್ವಿ. 1,000 ವ್ಯಾಟ್ ತಗೊಂಡ್ರೆ ಇನ್ನೂ ಸೇಫ್ ಅನ್ನೋದೂ ಸುಳ್ಳೇ. ಕಳಪೆ 1,000ಕ್ಕಿಂತ ಪ್ರಾಮಾಣಿಕ 550 ಮೇಲು.

ಲೈಟಿನ ಫ್ಯಾನುಗಳನ್ನ ಜೂನಿಯರ್ ಒಬ್ಬನಿಗೆ ಮಾರಿದ್ವಿ. ಮದರ್‌ಬೋರ್ಡು, ಎಸ್‌ಎಸ್‌ಡಿ ಖರ್ಚು ನಾವಿಬ್ಬರೇ ಹಾಕ್ತೀವಿ ಅಂದಾಗ ಮೆಕ್ಯಾನಿಕಲ್‌ನವನು ಒಪ್ಪಲಿಲ್ಲ. "ಮಷಿನ್ ಮೂವರದ್ದಲ್ವಾ" ಅಂದ. ಜಗಳ ಆಡಿ ಒಪ್ಪಿಸಿದ್ವಿ. ಎಸ್‌ಎಂಪಿಎಸ್ ಆರಿಸಿದ್ದು ಅವನೇ. ಅಂಗಡಿಯಲ್ಲಿ ಡಬ್ಬ ತಿರುಗಿಸಿ ಮೊದಲು ಲೇಬಲ್ ಓದಿದ, ಆಮೇಲೆ ನಮ್ಮ ಮುಖ ನೋಡಿದ. ಈ ಸಲ ಮೂರಕ್ಕೆ ಮೂರು ಓಟು.

ಈಗ ನಮ್ಮ ಕ್ಯಾಬಿನೆಟ್ ಒಳಗೆ ಕತ್ತಲೆ. ರೂಮಿಗೆ ಬಂದವರು "ಲೈಟ್ ಎಲ್ಲಿ?" ಅಂತ ಕೇಳ್ತಾರೆ. ಮಳೆ ಬಂದ್ರೆ ಈಗಲೂ ಮೂವರೂ ಒಂದು ಸಲ ಆ ಕಡೆ ತಿರುಗಿ ನೋಡ್ತೀವಿ. ಸಂಘದ ಕಂತು ಇನ್ನೂ 14 ವಾರ ಬಾಕಿ ಇದೆ.

ನೀವು ಹೊಸ ಮಷಿನ್ ಕಟ್ಟೋಕೆ ಹೊರಟಿದ್ರೆ, ದುಡ್ಡು ಕೊಡೋ ಮೊದಲು ಎಸ್‌ಎಂಪಿಎಸ್ ಲೇಬಲ್‌ನ ಫೋಟೋ ತೆಗೆದು ನಮ್ಮ ರೂಮಿಗೆ ಬನ್ನಿ. ಬರದಿದ್ರೂ ಪರವಾಗಿಲ್ಲ. +12 ವೋಲ್ಟ್ ಕೆಳಗಿನ ಆಂಪ್ ನೋಡಿ, ಗುಣಿಸಿ. 12ರ ಮಗ್ಗಿ ಬಂದ್ರೆ ಸಾಕು.