ಕೂರಲು ಅಂಜಿಸುವ ಕುರ್ಚಿಗಳ ಊರು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 8ನೇ ನಂಬರಿನ ಟ್ರಾಮ್ ಹತ್ತಿದರೆ ಅದು ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಎಂಬ ಪುಟ್ಟ ಊರಿಗೆ ತಂದು ಬಿಡುತ್ತದೆ. ದೂರದೂರದಿಂದ ಜನ ಇಲ್ಲಿಗೆ ಬರುವುದು ಕುರ್ಚಿಗಳನ್ನು ನೋಡಲು!

ಇಲ್ಲಿನ ವಿಟ್ರಾ ಡಿಸೈನ್ ಮ್ಯೂಸಿಯಂ ಆರಂಭವಾದದ್ದು 1989ರಲ್ಲಿ. ಅದರ ಓರೆಕೋರೆಯಾದ ಬಿಳಿ ಕಟ್ಟಡವನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ. ಅದೇ ಆವರಣದಲ್ಲಿ 2016ರಲ್ಲಿ ಕೆಂಪು ಇಟ್ಟಿಗೆಯ 'ಶೌಡೆಪೋ' ತೆರೆಯಿತು. ಇದರೊಳಗೆ ಎರಡು ಶತಮಾನಗಳ ಪೀಠೋಪಕರಣಗಳು ಸಾಲುಗಟ್ಟಿ ನಿಂತಿವೆ. ಮ್ಯೂಸಿಯಂ ಸಂಗ್ರಹಿಸಿರುವ ಕೆಲವು ಕುರ್ಚಿಗಳು ನೋಡುಗರ ಕಣ್ಣನ್ನೇ ಏಮಾರಿಸುತ್ತವೆ.

ಜಪಾನಿನ ಶಿರೋ ಕುರಾಮಾತ 1986ರಲ್ಲಿ ಮಾಡಿದ ಆರಾಮ ಕುರ್ಚಿಯನ್ನೇ ನೋಡಿ. ಆಕಾರ ಮೆತ್ತನೆಯ ಸೋಫಾದ್ದು. ಆದರೆ ಹತ್ತಿಯಿಲ್ಲ, ಸ್ಪ್ರಿಂಗ್ ಇಲ್ಲ; ಇರುವುದು ಬರೀ ಉಕ್ಕಿನ ಜಾಲರಿ! 1988ರ ಅವರ ಇನ್ನೊಂದು ಕುರ್ಚಿಯಲ್ಲಿ ಗುಲಾಬಿಗಳು ಗಾಳಿಯಲ್ಲಿ ತೇಲುವಂತೆ ಕಾಣುತ್ತವೆ. ಅವು ಕೃತಕ ಹೂಗಳು, ಪಾರದರ್ಶಕ ಅಕ್ರಿಲಿಕ್‌ನಲ್ಲಿ ಹುದುಗಿವೆ. ಕೂತರೆ ಹೂ ನಲುಗೀತೆಂದು ಅನಿಸಿದರೂ ಮುಟ್ಟಿದರೆ ಗಟ್ಟಿ ಪ್ಲಾಸ್ಟಿಕ್. ನೆದರ್‌ಲೆಂಡ್ಸಿನ ಮಾರ್ಸೆಲ್ ವಾಂಡರ್ಸ್ 1996ರಲ್ಲಿ ಹಗ್ಗವನ್ನು ಗಂಟು ಹಾಕಿ ಹೆಣೆದು, ಎಪಾಕ್ಸಿ ರಾಳದಲ್ಲಿ ಅದ್ದಿ, ತೂಗುಹಾಕಿ ಒಣಗಿಸಿದರು. ಜೋತು ಬಿದ್ದ ಹಗ್ಗ ಹಾಗೆಯೇ ಬಿಗಿದು ಕುರ್ಚಿಯಾಯಿತು. ಅದಕ್ಕೆ ಆಕಾರ ಕೊಡುವಲ್ಲಿ ಗುರುತ್ವಾಕರ್ಷಣೆಯೂ ದುಡಿದಿದೆ.

ಗೆಹ್ರಿಯವರ 1972ರ ಕುರ್ಚಿಯಂತೂ ಪಾರ್ಸೆಲ್ ಡಬ್ಬಿಯ ರಟ್ಟಿನದು. ರಿಬ್ಬನ್ನಿನಂತೆ ಬಳುಕಿದ ಈ ಕುರ್ಚಿ ಕುಸಿಯುವುದಿಲ್ಲವೆ? ಇಲ್ಲ. ರಟ್ಟಿನ ಒಳಗಿನ ಸುಕ್ಕುಗಳು ಒಂದೇ ದಿಕ್ಕಿಗಿರುವುದರಿಂದ ಒಂದು ಹಾಳೆ ಒಂದು ಕಡೆಗೆ ಸುಲಭವಾಗಿ ಮಡಿಯುತ್ತದೆ. ಒಂದು ಪದರದ ಸುಕ್ಕು ಉದ್ದಕ್ಕೆ, ಮುಂದಿನದರ ಸುಕ್ಕು ಅಡ್ಡಕ್ಕೆ ಬರುವಂತೆ ಹಲವು ಪದರಗಳನ್ನು ಸೇರಿಸಿದರೆ ಒಂದರ ದೌರ್ಬಲ್ಯವನ್ನು ಇನ್ನೊಂದು ತಡೆಯುತ್ತದೆ. ವಸ್ತು ಅದೇ, ಬಲ ಬಂದದ್ದು ಜೋಡಣೆಯಿಂದ.

ಮ್ಯೂಸಿಯಂನ ವಸ್ತುಗಳನ್ನು ಮುಟ್ಟುವಂತಿಲ್ಲ. ಆದರೆ ಪಕ್ಕದ 'ವಿಟ್ರಾಹೌಸ್' ಮಳಿಗೆಯಲ್ಲಿ ಪೀಠೋಪಕರಣಗಳನ್ನು ಮುಟ್ಟಬಹುದು, ಕೂತೂ ನೋಡಬಹುದು. ಕಣ್ಣಿನ ಊಹೆಯನ್ನು ಕೈ ಪರೀಕ್ಷಿಸಿದಾಗಲೇ ಕಲಿಕೆ. "ಮುಟ್ಟಬೇಡ, ಮುರಿದೀತು" ಎಂದು ಮಕ್ಕಳನ್ನು ತಡೆಯುವ ಪೋಷಕರು ಇದನ್ನು ಗಮನಿಸಬೇಕು.

ಈ ಪರೀಕ್ಷೆಗೆ ಜರ್ಮನಿಗೇ ಹೋಗಬೇಕಿಲ್ಲ. ಹಳೆಯ ರಟ್ಟಿನ ಡಬ್ಬಿಯಿಂದ ಒಂದೇ ಅಳತೆಯ ಇಪ್ಪತ್ತು ಪಟ್ಟಿ ಕತ್ತರಿಸಿ. ಸುಕ್ಕು ಒಮ್ಮೆ ಉದ್ದ, ಒಮ್ಮೆ ಅಡ್ಡ ಬರುವಂತೆ ಅಂಟಿಸಿ, ಒಣಗಿದ ಮೇಲೆ ಅಂಚಿನ ಮೇಲೆ ನಿಲ್ಲಿಸಿ. ಎಷ್ಟು ಪುಸ್ತಕ ಹೊರುತ್ತದೆಂದು ಮೊದಲು ಊಹಿಸಿ ಬರೆದಿಡಿ. ಆಮೇಲೆ ಒಂದೊಂದಾಗಿ ಹೇರಿ ನೋಡಿ.