ವಂಶದ ಬಳುವಳಿಯೂ ಬಾಳಿನ ಎಚ್ಚರವೂ

ಶಿಕಾರಿಪುರ, ಸೊರಬ ಸೀಮೆಯ ಭಕ್ತರು ಮಕ್ಕಳ ವಿವಾಹದ ವಿಷಯವಾಗಿ ನಮ್ಮಲ್ಲಿ ವಿಚಾರಿಸಲು ಬಂದಾಗ, ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದುಂಟು: "ಬುದ್ಧಿ, ಆ ಮನೆತನದಲ್ಲಿ ಗೂರಲು ಇದೆಯಂತೆ, ಸಂಬಂಧ ಬೆಳೆಸಬಹುದೇ?" ತಂದೆಗೆ ಉಬ್ಬಸ, ತಾಯಿಗೆ ಎದೆಯುರಿ, ಮಗಳಿಗೆ ತಡೆಯಿಲ್ಲದ ಸೀನು, ಕಿರಿಯನಿಗೆ ಇಸುಬು, ಒಂದೇ ಮನೆಯಲ್ಲಿ ಇವೆಲ್ಲ ಕಂಡರೆ ಜನರು ಅದನ್ನು ವಂಶಕ್ಕಂಟಿದ ಕಳಂಕವೆಂದೇ ಬಗೆಯುತ್ತಾರೆ. ಈ ಭಯದಿಂದ ಮುರಿದುಬಿದ್ದ ಸಂಬಂಧಗಳನ್ನೂ, ಹೆಣ್ಣುಮಕ್ಕಳು ಮುಚ್ಚಿಟ್ಟ ಔಷಧಿಗಳನ್ನೂ ನಾವು ಬಲ್ಲೆವು.

ವಂಶಕ್ಕೂ ಈ ವ್ಯಾಧಿಗಳಿಗೂ ನಂಟುಂಟೆಂಬುದು ನಿಜ. 3,60,000ಕ್ಕೂ ಹೆಚ್ಚು ಜನರನ್ನೊಳಗೊಂಡು 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉಬ್ಬಸ, ಅಲರ್ಜಿಯ ನೆಗಡಿ, ಇಸುಬುಗಳ ಹಿಂದೆ ಬಹುಮಟ್ಟಿಗೆ ಸಮಾನವಾದ ಜೀನುಗಳಿರುವುದನ್ನು ತೋರಿಸಿತು. ಹುಳಿತೇಗು, ಎದೆಯುರಿಗಳ ಬಗ್ಗೆ 2002ರಲ್ಲಿ ಸ್ವೀಡನ್ನಿನ ಅವಳಿಗಳನ್ನು ಪರೀಕ್ಷಿಸಿದವರು, ಜನರಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಶೇಕಡಾ 31ರಷ್ಟೆಂದು ಅಂದಾಜಿಸಿದರು. ಉಳಿದುದು ಬಾಳುವ ರೀತಿಗೂ ಪರಿಸರಕ್ಕೂ ಸೇರಿದ್ದು. ಒಂದೇ ಜೀನುಗಳ ತದ್ರೂಪಿ ಅವಳಿಗಳಲ್ಲಿಯೂ ಒಬ್ಬನಿಗೆ ಉಬ್ಬಸವಿದ್ದು ಇನ್ನೊಬ್ಬನಿಗೆ ಇಲ್ಲದಿರುವುದುಂಟು. ಹಾಗಾದರೆ ಬಳುವಳಿಯನ್ನೇ ವಿಧಿಬರಹವೆನ್ನುವುದು ಹೇಗೆ?

ಗರ್ಭದಲ್ಲಿ ಅನ್ನನಾಳ, ಶ್ವಾಸನಾಳಗಳೆರಡೂ ಒಂದೇ ನಾಳದಿಂದ ಕವಲೊಡೆದವು. ಒಂದೇ ನರವು ಎರಡನ್ನೂ ನಡೆಸುತ್ತದೆ. ಮೇಲೇರಿದ ಆಮ್ಲವು ಉಸಿರನ್ನು ಬಿಗಿಯಬಲ್ಲುದು. ಕಷ್ಟದ ಉಸಿರಾಟವು ಆಮ್ಲವನ್ನು ಮೇಲಕ್ಕೆಳೆಯಬಲ್ಲುದು. ಆದರೆ ಉಬ್ಬಸವಿದ್ದವರೆಲ್ಲರೂ ಆಮ್ಲ ತಗ್ಗಿಸುವ ಮಾತ್ರೆ ನುಂಗಬೇಕೆಂದಲ್ಲ. ಎದೆಯುರಿಯ ಲಕ್ಷಣವಿಲ್ಲದ ಉಬ್ಬಸ ರೋಗಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲವೆಂದು 2009ರಲ್ಲಿ ಪ್ರಕಟವಾದ ಪ್ರಯೋಗವು ತಿಳಿಸಿತು. ವೈದ್ಯರನ್ನು ಕೇಳಿಯೇ ನಡೆಯಬೇಕು.

ನಮ್ಮ ಕೈಯಲ್ಲಿರುವ ಕೆಲಸವೇನು ಕಡಿಮೆಯೇ? ಒಕ್ಕಣೆಯ ಧೂಳಿಗೆ ಮೂಗು ಬಾಯಿಗಳಿಗೆ ಬಟ್ಟೆ ಕಟ್ಟುವುದು, ಒಲೆಯ ಹೊಗೆಗೆ ದಾರಿ ಮಾಡುವುದು, ಮಳೆಗಾಲದ ಬೂಷ್ಟನ್ನು ಒರೆಸುವುದು, ಮನೆಯ ಸುತ್ತಣ ಕಾಂಗ್ರೆಸ್ ಗಿಡವನ್ನು ಹೂಬಿಡುವ ಮುನ್ನ ಕೀಳುವುದು, ಬೀಡಿ ತ್ಯಜಿಸುವುದು, ಉಂಡೊಡನೆ ಮಲಗದಿರುವುದು. ವೈದ್ಯರು ಕೊಟ್ಟ ಇನ್ಹೇಲರನ್ನು ನಾಚದೆ ಬಳಸುವುದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವು ವಿದ್ಯಾಸ್ಥಾನವಾಗಿದ್ದುದಲ್ಲದೆ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೂ ಆಗಿತ್ತೆಂದು 1162ರ ಶಾಸನವು ಸಾರುತ್ತದೆ. ರೋಗಿಯನ್ನು ಕರೆದು ಆದರಿಸಿದ ನಾಡಿದು. ಇಲ್ಲಿ ರೋಗದ ನೆಪದಿಂದ ಕನ್ಯೆಯನ್ನು ಬೇಡವೆನ್ನುವುದು ಸಲ್ಲದು. ಇದ್ದುದನ್ನು ಎರಡು ಮನೆಯವರೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲಿ, ಕೇಳಿದವರು ಕೈಬಿಡದಿರಲಿ.