ಸಂಶೋಧನೆಗೆ ಮುದ್ರೆ ಒತ್ತುವವರು ಯಾರು?

ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು, ಬಂಗಾರಕ್ಕೆ ಒರೆಗಲ್ಲು ಬೇಕು. ನಮ್ಮ ಕೋಪರಖೈರಣೆಯಿಂದ ಕೂಗಳತೆಯಲ್ಲಿರುವ ವಾಶಿಯ ಧಾನ್ಯದ ಪೇಟೆಗೆ ಹೋದವರು ನೋಡಿರಬಹುದು. ಕೊಳ್ಳುವವನು ಚೀಲದ ಬಾಯಿ ಬಿಚ್ಚದೆಯೇ ಕಬ್ಬಿಣದ ಚೂಪು ಕೊಳವೆಯನ್ನು ಪಕ್ಕಕ್ಕೆ ಚುಚ್ಚಿ, ನಾಲ್ಕು ಕಾಳನ್ನು ಅಂಗೈಗೆ ಸುರಿದುಕೊಂಡು, ಆಮೇಲೆ ಬೆಲೆ ಮಾತನಾಡುತ್ತಾನೆ. ಹೊಟ್ಟೆಗೆ ತಿನ್ನುವ ಕಾಳಿಗೆ ಇಷ್ಟು ಎಚ್ಚರವಾದರೆ, ತಲೆಗೆ ತುಂಬುವ ವಿದ್ಯೆಗೆ ಎಷ್ಟು ಎಚ್ಚರ ಬೇಡ? ಹೊಸ ಜ್ಞಾನವನ್ನು ಕಂಡೆವೆಂದು ಹೇಳುವ ಪಂಡಿತರ ಸರಕನ್ನು ಪರೀಕ್ಷಿಸುವವರು ಯಾರು?

ಇದು ದೊಡ್ಡವರ ಚರ್ಚೆ, ನಮ್ಮ ಸಂಘದ ಪತ್ರಿಕೆಗೆ ಏತಕ್ಕೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯರು ಹೋಟೆಲಿನ ಗಲ್ಲೆಯಲ್ಲಿ, ಗಿರಣಿಯಲ್ಲಿ, ಬ್ಯಾಂಕಿನ ಮೇಜಿನ ಮುಂದೆ ದುಡಿದರು. ಅವರ ಮೊಮ್ಮಕ್ಕಳು ಇಂದು ಪಿಎಚ್.ಡಿ. ಮಾಡುತ್ತಿದ್ದಾರೆ. ಆದುದರಿಂದ ಇದು ನಮ್ಮ ಮನೆಯ ಮಾತೇ ಆಗಿದೆ.

ನಾವು ಬಲ್ಲ ಒಂದು ಮನೆಯಲ್ಲಿ ಹೀಗಾಯಿತು. ಮಗಳಿಗೆ ಯಾವುದೋ ಸಂಶೋಧನ ಪತ್ರಿಕೆಯಿಂದ ಒಂದು ಓಲೆ ಬಂತು. ಇಂತಿಷ್ಟು ರೂಪಾಯಿ ಕಳುಹಿಸಿದರೆ ಮೂರು ದಿನಗಳಲ್ಲಿ ನಿಮ್ಮ ಲೇಖನ ಪ್ರಕಟವಾಗುವುದೆಂದು ಅದರ ಒಕ್ಕಣೆ. ತಂದೆಯವರು ಅದನ್ನು ಓದಿ, “ನಿನ್ನ ಅಕ್ಕನ ಮದುವೆಯ ಕರೆಯೋಲೆಗೇ ಪ್ರೆಸ್ಸಿನವನು ಒಂದು ವಾರ ಕೇಳಿದ್ದ. ಇವರು ಮೂರೇ ದಿನದಲ್ಲಿ ಯಾವಾಗ ಓದಿ, ಯಾವಾಗ ತಿದ್ದುತ್ತಾರಮ್ಮ?” ಎಂದರು. “ಓದುವುದಿಲ್ಲ ಅಪ್ಪಾ, ಬರೀ ಅಚ್ಚು ಹಾಕುತ್ತಾರೆ,” ಎಂದಳು ಮಗಳು. ಆ ಹಣ ಕಳುಹಿಸಲಿಲ್ಲ. ಆದರೆ ಅವಳ ಜೊತೆಯವರ ಲೇಖನಗಳ ಪಟ್ಟಿ ಉದ್ದವಾಗುತ್ತಿದ್ದಾಗ ಅವಳದು ಗಿಡ್ಡವಾಗಿಯೇ ಉಳಿಯಿತು. ಪ್ರಾಮಾಣಿಕರಿಗೆ ಬೀಳುವ ದಂಡ ಇದು.

ಈ ರೋಗಕ್ಕೊಂದು ಕಾರಣವುಂಟು. ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿತು. ಅಧ್ಯಾಪಕರ ಬಡ್ತಿಗೂ ಪ್ರಕಟಣೆಗಳ ಲೆಕ್ಕ ಹತ್ತಿತು. ಉದ್ದೇಶ ಒಳ್ಳೆಯದೇ. ಆದರೆ ಎಣಿಕೆ ಬಂದಲ್ಲಿ ಗುಣ ಹಿಂದೆ ಸರಿಯಿತು. ದುಡ್ಡು ಕೊಟ್ಟವರ ಬರಹವನ್ನೆಲ್ಲ ಅಚ್ಚು ಹಾಕುವ ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಕೊನೆಗೆ 2022ರ ನಿಯಮದಲ್ಲಿ ಆ ಕಡ್ಡಾಯವನ್ನು ಕೈಬಿಡಬೇಕಾಯಿತು.

ನಡುವೆ 2017ರಲ್ಲಿ ಆಯೋಗವು ಒಪ್ಪಿಗೆಯ ಪತ್ರಿಕೆಗಳ ಪಟ್ಟಿಯೊಂದನ್ನು ಹೊರಡಿಸಿತ್ತು. ಅದರಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ ಪತ್ರಿಕೆಗಳೂ ಇದ್ದವು. ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಹಾಗೆ ಶಿಫಾರಸಾದ 1009 ಪತ್ರಿಕೆಗಳನ್ನು ಕುಳಿತು ಪರೀಕ್ಷಿಸಿದರು. ನೂರಕ್ಕೆ 88ಕ್ಕಿಂತ ಹೆಚ್ಚು ಕಳಪೆಯೆಂದು ಕಂಡುಬಂತು. ಈ ವರದಿ 2018ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗವು 4305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ವಾಚಕರು ಒಂದು ಮಾತನ್ನು ಗಮನಿಸಬೇಕು: ಜೊಳ್ಳನ್ನು ಕಣಕ್ಕೆ ತಂದವರೂ ವಿಶ್ವವಿದ್ಯಾಲಯದವರೇ, ಮೊರ ಹಿಡಿದು ಕೇರಿದವರೂ ವಿಶ್ವವಿದ್ಯಾಲಯದವರೇ.

ಆ ಬಳಿಕ 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ಅದನ್ನು ಸಿದ್ಧಪಡಿಸುವ ಕೆಲಸ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಪಾಲಿಗೆ ಬಿತ್ತು. ಆ ಪಟ್ಟಿಯನ್ನೂ ಆಯೋಗ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಒಳ್ಳೆಯ ಪತ್ರಿಕೆ ಯಾವುದು, ಕೆಟ್ಟದು ಯಾವುದು ಎಂಬುದನ್ನು ಇನ್ನು ಆಯಾ ವಿದ್ಯಾಸಂಸ್ಥೆಗಳೇ ತೀರ್ಮಾನಿಸಬೇಕು. ಕೆಲವರು ಇದರಿಂದ ಗಾಬರಿಯಾಗಿದ್ದಾರೆ. ನಮಗಾದರೋ, ಕೀಲಿಕೈ ಸೇರಬೇಕಾದ ಮನೆಗೇ ಸೇರಿತೆಂದು ತೋರುತ್ತದೆ. ಮನೆಯವರು ಎಚ್ಚರವಾಗಿದ್ದರೆ ಸರಿ.

ಏಕೆಂದರೆ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಒತ್ತುವ ಮುದ್ರೆಗೆ ಅದರದೇ ಆದ ಮಿತಿಯುಂಟು. ಕಾಲೇಜು, ವಿಶ್ವವಿದ್ಯಾಲಯಗಳನ್ನು ತೂಗಿ ದರ್ಜೆ ಕೊಡುವ ‘ನ್ಯಾಕ್’ ಸಂಸ್ಥೆ 1994ರಲ್ಲಿ ಹುಟ್ಟಿತು. ಅದರ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅದರ ಪರವಾಗಿ ತಪಾಸಣೆಗೆ ಹೋಗುವವರೂ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೇ. 2025ರ ಫೆಬ್ರವರಿಯಲ್ಲಿ ಅಂತಹ ಒಂದು ತಂಡದ ಸದಸ್ಯರನ್ನು ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ನ್ಯಾಯಾಲಯ ಏನೇ ಹೇಳಲಿ, ಬೇಲಿಯೇ ಎದ್ದು ಹೊಲ ಮೇಯ್ದೀತೆಂಬ ಭಯ ಜನರ ಮನಸ್ಸಿನಲ್ಲಿ ಹುಟ್ಟಿತು. ಮಾರ್ಗದರ್ಶಕರು, ಪರೀಕ್ಷಕರು, ತಪಾಸಕರು ಎಲ್ಲರೂ ಬರುವುದು ವಿಶ್ವವಿದ್ಯಾಲಯದಿಂದಲೇ. ಅಲ್ಲಿಯ ನೀರು ಕದಡಿದರೆ ಯಾವ ಜರಡಿಯಿಂದ ಸೋಸೋಣ?

ಹಾಗೆಂದು ನಾವು ನಿರಾಶರಾಗಬೇಕಾಗಿಲ್ಲ. ನಮ್ಮ ಕನ್ನಡದಲ್ಲೇ ಒಳ್ಳೆಯ ಮೇಲ್ಪಂಕ್ತಿಗಳುಂಟು. ‘ಪ್ರಬುದ್ಧ ಕರ್ಣಾಟಕ’ವನ್ನು 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದಾಗ ಅದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದ ಪತ್ರಿಕೆ. ನಮ್ಮ ಈ ಪತ್ರಿಕೆಯಂತೆಯೇ ತ್ರೈಮಾಸಿಕ! ಮುಂದೆ ಮೈಸೂರು ವಿಶ್ವವಿದ್ಯಾಲಯವು ಅದನ್ನು ವಹಿಸಿಕೊಂಡಿತು. ಬಿ. ಎಲ್. ರೈಸ್ ಅವರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಶಾಸನ ಸಂಪುಟಗಳನ್ನು ಅದೇ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕರಿಸಿ ಪ್ರಕಟಿಸತೊಡಗಿತು. ದೊಡ್ಡವರ ಕೆಲಸವೆಂದು ಕೈಮುಗಿದು ಸುಮ್ಮನಿರದೆ ಮತ್ತೊಮ್ಮೆ ಪರಿಶೀಲಿಸುವುದು, ತಿದ್ದುವುದು, ಹೊಸದನ್ನು ಸೇರಿಸುವುದು: ಸಂಶೋಧನೆಯ ಗುಣವನ್ನು ಕಾಯುವ ಬಗೆ ಇದೇ ಅಲ್ಲವೆ?

ಅನ್ನ ಬೆಂದಿತೆ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು. ಸಂಶೋಧನೆಯಲ್ಲಿ ಹಾಗಲ್ಲ, ಪ್ರತಿ ಅಗುಳನ್ನೂ ಯಾರಾದರೊಬ್ಬರು ಹಿಚುಕಿ ನೋಡಬೇಕು. ಅದಕ್ಕೆ ಸಮಯ ಬೇಕು, ಓದುವ ತಾಳ್ಮೆಯುಳ್ಳ ಗುರು ಬೇಕು, “ಇದು ಸಾಲದು, ಮತ್ತೆ ಬರೆ” ಎನ್ನುವ ಧೈರ್ಯವೂ ಬೇಕು.

ನಮ್ಮಂತಹ ಗೃಹಸ್ಥರು ಮಾಡಬಹುದಾದುದೂ ಸ್ವಲ್ಪವುಂಟು. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಕೂಡಿಸಿಟ್ಟಿರುವ ‘ಶೋಧಗಂಗಾ’ ಭಂಡಾರ ಇಂದು ಎಲ್ಲರಿಗೂ ತೆರೆದಿದೆ. ಕಾಸಿಲ್ಲದೆ ಮನೆಯಲ್ಲೇ ಕುಳಿತು ಓದಬಹುದು. ಮಕ್ಕಳು ಪಿಎಚ್.ಡಿ.ಗೆ ಸೇರುವಾಗ ಮಾರ್ಗದರ್ಶಕರ ಹೆಸರಿನ ಹಿಂದಿನ ಪದವಿಗಳನ್ನು ಎಣಿಸುವುದಕ್ಕಿಂತ, ಅವರ ಕೈಕೆಳಗೆ ಬಂದ ಒಂದೆರಡು ಪ್ರಬಂಧಗಳನ್ನು ಅಲ್ಲಿ ತೆರೆದು ನೋಡುವುದು ಲೇಸು. ಮಗ ಅಥವಾ ಮಗಳು ಲೇಖನ ಅಚ್ಚಾಯಿತೆಂದು ಹೇಳಿದಾಗ ಸಿಹಿ ಹಂಚೋಣ. ಹಂಚುವ ಮೊದಲು, “ಇದನ್ನು ಓದಿ ತಿದ್ದಿದವರು ಯಾರಪ್ಪ?” ಎಂದು ಕೇಳೋಣ.